ಪುಣೆ ಸುತ್ತ ಹೊಲ ಇದೆಯಾ? ಜೆಸಿಬಿ ಕರೆಸುವ ಮೊದಲು ಇದನ್ನು ಓದಿ

ಪುಣೆ, ಪಿಂಪ್ರಿ-ಚಿಂಚ್ವಡ್‌ನಲ್ಲಿ ನೆಲೆಸಿರುವ ಕನ್ನಡಿಗರು ಸೇರಿದಲ್ಲೆಲ್ಲ ಈಗ ಹೊಲದ ಮಾತು ಬಂದೇ ಬರುತ್ತದೆ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದವರಿಗೆ ಮಣ್ಣಿನ ನಂಟು ಅಷ್ಟು ಬೇಗ ಬಿಡುವುದಿಲ್ಲ. ಒಬ್ಬರು ಮುಳಶಿಯ ಗುಡ್ಡದಲ್ಲಿ ಒಂದು ತುಂಡು ಭೂಮಿ ಹಿಡಿದಿರುತ್ತಾರೆ. ಇನ್ನೊಬ್ಬರು ಶಿರೂರಿನಲ್ಲಿ ಕಬ್ಬಿನ ಹೊಲ ಪಾಲಿಗೆ ಮಾಡುತ್ತಾರೆ. ಮತ್ತೊಬ್ಬರು ಸಾಸವಡ್ ಹತ್ತಿರ ಅಂಜೂರ, ಸೀತಾಫಲ ಹಚ್ಚಿರುತ್ತಾರೆ.

ಭೂಮಿ ಕೈಗೆ ಬಂದ ಕೂಡಲೇ ಬಹಳ ಮಂದಿ ಜೆಸಿಬಿ ಕರೆಸುತ್ತಾರೆ. ಬದು ಒಡೆಯುತ್ತಾರೆ, ಪೊದೆ ಕೀಳುತ್ತಾರೆ, ಹುಲ್ಲಿಗೆ ಬೆಂಕಿ ಇಡುತ್ತಾರೆ, ಸುತ್ತ ತಂತಿ ಬಿಗಿಯುತ್ತಾರೆ. ಇಷ್ಟೆಲ್ಲ ಆದ ಮೇಲೆ ಪರಿಸರಕ್ಕೆ ಒಳ್ಳೆಯದಾಗಲಿ ಎಂದು ಸಸಿ ನೆಡುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಅಷ್ಟರಲ್ಲಿ ಆ ಹೊಲದಲ್ಲಿದ್ದ ಜೀವಗಳಲ್ಲಿ ಬಹಳಷ್ಟು ಹೊರಟುಹೋಗಿರುತ್ತವೆ. ನೆಟ್ಟ ಸಸಿ ಅವುಗಳನ್ನು ವಾಪಸ್ ತರಲು ಎಷ್ಟೋ ವರ್ಷ ಬೇಕು. ಅದಕ್ಕೇ ಈ ಬರಹದಲ್ಲಿ ಏನು ನೆಡಬೇಕು ಎನ್ನುವುದಕ್ಕಿಂತ ಏನು ಮಾಡಬಾರದು ಎನ್ನುವುದೇ ಹೆಚ್ಚು ಇದೆ.

ಹೆಜ್ಜೆ 1: ನಿಮ್ಮ ಹೊಲ ಯಾವ ಸೀಮೆಯದು ಎಂದು ತಿಳಿಯಿರಿ

ಪುಣೆ ಜಿಲ್ಲೆ ಒಂದೇ ತರಹದ ನೆಲವಲ್ಲ. ಪಶ್ಚಿಮಕ್ಕೆ ತಾಮ್ಹಿಣಿ ಘಾಟ್ ಕಡೆ ಮಳೆಗಾಲದಲ್ಲಿ ಸಾವಿರಾರು ಮಿಲಿಮೀಟರ್ ಮಳೆ ಸುರಿಯುತ್ತದೆ. ಪೂರ್ವಕ್ಕೆ ಬಾರಾಮತಿ, ಇಂದಾಪುರದಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಬಂದರೆ ಅದೇ ಸಮಾಧಾನ. ಇನ್ನೂರು ಕಿಲೋಮೀಟರಿನೊಳಗೆ ಇಷ್ಟು ಅಂತರ.

ಮುಳಶಿ, ಮಾವಳ, ವೆಲ್ಹೆ, ಭೋರ್ ಭಾಗ ಸಹ್ಯಾದ್ರಿಯ ಮಡಿಲು. ಇಲ್ಲಿ ಭತ್ತದ ಗದ್ದೆ ಮತ್ತು ಕಾಡಿನ ಅಂಚು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಜುನ್ನರ್, ಆಂಬೇಗಾವ್, ಖೇಡ್, ಶಿರೂರು ಭಾಗ ಕಬ್ಬಿನ ಸೀಮೆ, ಅಂದರೆ ಚಿರತೆಯ ಸೀಮೆ. ಪುರಂದರ, ದೌಂಡ್, ಬಾರಾಮತಿ, ಇಂದಾಪುರದ ಕಡೆ ಒಣ ಹುಲ್ಲಿನ ಮಾಳ, ಜೋಳದ ಹೊಲ. ಅಲ್ಲಿ ಚಿಂಕಾರ, ತೋಳ, ನರಿ, ಕತ್ತೆಕಿರುಬ ಇವೆ.

ಒಂದು ಕಡೆ ಒಳ್ಳೆಯದಾಗುವ ಕೆಲಸ ಇನ್ನೊಂದು ಕಡೆ ಕೆಡುಕಾಗಬಹುದು. ಮುಳಶಿಯ ಬೋಳು ಇಳಿಜಾರಿನಲ್ಲಿ ಮರ ಬೆಳೆಸುವುದು ಸರಿ. ಬಾರಾಮತಿ ತಾಲ್ಲೂಕಿನ ಸುಪೆಯ ಹುಲ್ಲಿನ ಮಾಳದಲ್ಲಿ ಗುಂಡಿ ತೋಡಿ ಸಾಲುಸಾಲಾಗಿ ಗಿಡ ನೆಟ್ಟರೆ ಚಿಂಕಾರದ ಮನೆ ಹಾಳಾಗುತ್ತದೆ. ಚಿಂಕಾರ ಬಯಲಿನ ಪ್ರಾಣಿ. ದೂರದಿಂದ ಅಪಾಯ ಕಂಡು ಓಡುವುದೇ ಅದರ ರಕ್ಷಣೆ.

ಆದ್ದರಿಂದ ಮೊದಲ ವರ್ಷ ಸುಮ್ನೆ ನೋಡಿ. ಸಾಧ್ಯವಾದರೆ ಒಂದು ಮಳೆಗಾಲ, ಒಂದು ಚಳಿಗಾಲ, ಒಂದು ಬೇಸಿಗೆ ಮೂರೂ ನೋಡಿ. ಬೆಳಿಗ್ಗೆ ಬೇಗ ಹೋಗಿ ಹಾದಿಯ ಧೂಳಿನಲ್ಲಿ ಹೆಜ್ಜೆ ಗುರುತು ಹುಡುಕಿ. ನೀರು ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತದೆ ಎಂದು ಗುರುತು ಮಾಡಿಕೊಳ್ಳಿ. ಕುರಿ ಕಾಯುವ ಧನಗರರನ್ನು ಕೇಳಿ. ತೋಳದ ಮರಿ ಎಲ್ಲಿರುತ್ತದೆ, ಯಾವ ಹಳ್ಳದಲ್ಲಿ ಬೇಸಿಗೆಯಲ್ಲೂ ನೀರು ಇರುತ್ತದೆ ಎಂದು ಅವರಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಹೆಜ್ಜೆ 2: ಖರಾಬು ಜಾಗ ಮತ್ತು ಬದುವನ್ನು ಮುಟ್ಟಬೇಡಿ

ನಿಮ್ಮ ಸಾತ್-ಬಾರಾ ಉತಾರಾ ತೆಗೆದು ನೋಡಿ. ಅದರಲ್ಲಿ ‘ಪೋಟ್ ಖರಾಬ್’ ಎಂದು ಒಂದಿಷ್ಟು ಗುಂಟೆ ಬರೆದಿರುತ್ತದೆ. ನಮ್ಮ ಪಹಣಿಯಲ್ಲಿ ಖರಾಬು ಎಂದು ತೋರಿಸುವ ಹಾಗೆಯೇ. ಕಲ್ಲು, ಹಳ್ಳ, ದಿನ್ನೆ, ಉಳುಮೆಗೆ ಬಾರದ ತುಂಡು. ಸರ್ಕಾರದ ಲೆಕ್ಕದಲ್ಲಿ ಅದು ಕೆಲಸಕ್ಕೆ ಬಾರದ ಜಾಗ. ಆದರೆ ಇಡೀ ಸರ್ವೆ ನಂಬರಿನಲ್ಲಿ ಹೆಚ್ಚು ಜೀವ ಇರುವುದು ಅಲ್ಲೇ. ಕಲ್ಲಿನ ಸಂದಿಯಲ್ಲಿ ಉಡ, ಕೇರೆ ಹಾವು, ಮುಂಗುಸಿ. ಪೊದೆಯಲ್ಲಿ ಪುರಲೆ ಹಕ್ಕಿ, ಮೊಲ. ಬಾರಿಹಣ್ಣಿನ ಗಿಡದ ಕೆಳಗೆ ನರಿಯ ಬಿಲ.

ಈ ಜಾಗವನ್ನು ಸಮತಟ್ಟು ಮಾಡಿಸಿದರೆ ನಿಮಗೆ ಸಿಗುವುದು ನಾಲ್ಕಾರು ಗುಂಟೆ ಬಡ ಮಣ್ಣು. ಕಳೆದುಕೊಳ್ಳುವುದು ಇಲಿ ಹಿಡಿಯುವ ಹಾವು, ಹುಳ ತಿನ್ನುವ ಹಕ್ಕಿ, ಹೂವಿಗೆ ಬರುವ ಜೇನು.

ಬದುವಿನ ವಿಷಯವೂ ಅಷ್ಟೇ. ಹೊಲ ದೊಡ್ಡದಾಗಲಿ, ಟ್ರ್ಯಾಕ್ಟರ್ ಸಲೀಸಾಗಿ ತಿರುಗಲಿ ಎಂದು ಹಳೆಯ ಬದು ಒಡೆದು ಎರಡು ಹೊಲ ಒಂದು ಮಾಡುತ್ತಾರೆ. ಆ ಬದುವಿನಲ್ಲಿ ವರ್ಷಗಟ್ಟಲೆ ಯಾರೂ ಉಳದ ಮಣ್ಣು ಇರುತ್ತದೆ. ಜೇನು ಜಾತಿಯ ಎಷ್ಟೋ ಹುಳಗಳು ನೆಲದೊಳಗೇ ಗೂಡು ಮಾಡುತ್ತವೆ. ಉಳುಮೆ ಮಾಡಿದ ಕಡೆ ಅವಕ್ಕೆ ನೆಲೆ ಇಲ್ಲ. ಕನಿಷ್ಠ ಮೂರು ಅಡಿ ಅಗಲದ ಬದು ಬಿಡಿ. ಅದರ ಮೇಲೆ ಕಳೆನಾಶಕ ಹೊಡೆಯಬೇಡಿ. ಹುಲ್ಲು ಜಾಸ್ತಿ ಬೆಳೆದರೆ ಕುಡುಗೋಲಿನಿಂದ ಕೊಯ್ದು ದನಕ್ಕೆ ಹಾಕಿ. ಕೊಯ್ಯುವುದೂ ಒಂದೇ ಸಲ ಬೇಡ, ಈ ವಾರ ಅರ್ಧ, ಹುಲ್ಲು ಮತ್ತೆ ಚಿಗುರಿದ ಮೇಲೆ ಇನ್ನರ್ಧ.

ಹಳ್ಳದ ದಂಡೆ ಇದ್ದರಂತೂ ಎರಡೂ ಬದಿ ಹತ್ತು ಹದಿನೈದು ಅಡಿ ಹಾಗೇ ಬಿಡಿ. ಪ್ರಾಣಿಗಳು ಒಂದು ಕಡೆಯಿಂದ ಇನ್ನೊಂದು ಕಡೆ ಹೋಗುವ ದಾರಿ ಅದು. ಪಶ್ಚಿಮದವರಿಗೆ ಇನ್ನೊಂದು ಮಾತು. ಇಳಿಜಾರನ್ನು ಕೊರೆದು ಸಮ ಮಾಡಿದಾಗ ಸಡಿಲವಾದ ಮಣ್ಣು ಮೊದಲ ಮಳೆಗೇ ಕೆಳಗಿಳಿಯುತ್ತದೆ. ಪಾನ್‌ಶೆತ್, ವರಸಗಾವ್, ಟೇಮ್‌ಘರ್ ಜಲಾಶಯಗಳ ಸುತ್ತಲಿನ ಹೊಲಗಳಿಂದ ಕೊಚ್ಚಿದ ಮಣ್ಣು ಆ ನೀರಿಗೇ ಸೇರುತ್ತದೆ. ಅದೇ ನೀರು ಖಡಕ್‌ವಾಸಲಾಕ್ಕೆ ಬಂದು ಪುಣೆಯ ನಲ್ಲಿಗಳಿಗೆ ಬರುತ್ತದೆ. ಕೋಥ್ರೂಡ್‌ನಲ್ಲಿ ಕುಳಿತವರಿಗೂ ಇದು ಸಂಬಂಧಪಟ್ಟ ವಿಷಯ.

ಮರ ಕಡಿಸುವ ಮೊದಲು ತಾಲ್ಲೂಕಿನ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಮಹಾರಾಷ್ಟ್ರದಲ್ಲಿ 1964ರಿಂದ ಮರ ಕಡಿತ ನಿಯಂತ್ರಣ ಕಾಯ್ದೆ ಇದೆ. ತೇಗ, ಮತ್ತಿ, ಹುಣಸೆ, ಮಾವು, ಹಲಸು, ನೇರಳೆಯಂತಹ ಮರಗಳನ್ನು ನಿಮ್ಮ ಸ್ವಂತ ಹೊಲದಲ್ಲೂ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಭೀಮಾಶಂಕರದ ಹತ್ತಿರ ಹೊಲ ಇದ್ದವರು ಇನ್ನೂ ಎಚ್ಚರ ವಹಿಸಬೇಕು. ಮಹಾರಾಷ್ಟ್ರದ ರಾಜ್ಯ ಪ್ರಾಣಿ ಶೇಕರು, ನಾವು ಕೆಂದಳಿಲು ಎನ್ನುವುದು, ನೆಲಕ್ಕೆ ಇಳಿಯುವುದು ಬಹಳ ಕಡಿಮೆ. ಕೊಂಬೆಯಿಂದ ಕೊಂಬೆಗೆ ಹಾರಿ ಬದುಕುತ್ತದೆ. ನಡುವೆ ನಾಲ್ಕು ಮರ ಹೋದರೆ ಅದರ ದಾರಿ ಕಡಿದ ಹಾಗೆ.

ಹೆಜ್ಜೆ 3: ಬೆಂಕಿ ಹಚ್ಚುವುದನ್ನು ಪೂರ್ತಿ ಬಿಡಿ

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸಂಜೆ ಹೊತ್ತು ಮುಂಬೈ-ಪುಣೆ ಹೆದ್ದಾರಿಯಲ್ಲಿ ಬನ್ನಿ. ಗುಡ್ಡದ ಮೇಲೆ ಬೆಂಕಿಯ ಗೆರೆ ಕಾಣುತ್ತದೆ. ಇದಕ್ಕೆ ಇಲ್ಲಿ ವಣವಾ ಎನ್ನುತ್ತಾರೆ. ಹುಲ್ಲು ಸುಟ್ಟರೆ ಮುಂದಿನ ವರ್ಷ ಚೆನ್ನಾಗಿ ಚಿಗುರುತ್ತದೆ ಎಂಬ ನಂಬಿಕೆ ಇದೆ. ಸುಟ್ಟ ಮೇಲೆ ಬೇಗ ಹಸಿರು ಕಾಣುವುದು ನಿಜ. ಆದರೆ ಬೂದಿ ಮೊದಲ ಮಳೆಗೇ ಇಳಿಜಾರಿನಿಂದ ತೊಳೆದು ಹೋಗುತ್ತದೆ. ಮಣ್ಣನ್ನು ಹಿಡಿದಿದ್ದ ಹೊದಿಕೆಯೂ ಹೋಗಿರುತ್ತದೆ. ವರ್ಷ ವರ್ಷವೂ ಸುಟ್ಟ ಗುಡ್ಡದಲ್ಲಿ ಎಳೆಯ ಮರಗಿಡ ತಲೆ ಎತ್ತುವುದೇ ಇಲ್ಲ, ಬೆಂಕಿ ತಾಳುವ ಒರಟು ಹುಲ್ಲು ಮಾತ್ರ ಉಳಿಯುತ್ತದೆ. ಅಷ್ಟೇ ಅಲ್ಲ, ಟಿಟ್ಟಿಭ, ನೆಲಗುಬ್ಬಿಗಳು ನೆಲದ ಮೇಲೆ ಮೊಟ್ಟೆ ಇಡುವ ಹೊತ್ತೂ ಇದೇ.

ನಿಮ್ಮ ಹೊಲಕ್ಕೆ ಬೇರೆಯವರು ಹಚ್ಚಿದ ಬೆಂಕಿ ಬರಬಾರದು ಎಂದಾದರೆ ಜನವರಿಯಲ್ಲೇ ಗಡಿಯ ಉದ್ದಕ್ಕೂ ಹತ್ತು ಅಡಿ ಅಗಲ ಹುಲ್ಲು ಕೊಯ್ದು ತೆಗೆಯಿರಿ. ಒಣ ಎಲೆ ಗುಡಿಸಿ ಒಳಗೆ ಗುಂಡಿಗೆ ಹಾಕಿ. ಅದೇ ನಿಮ್ಮ ಗೊಬ್ಬರ.

ಭತ್ತ ಬೆಳೆಯುವವರಿಗೆ ಒಂದು ವಿಷಯ. ಮಾವಳ, ಮುಳಶಿ, ಕೊಂಕಣದಲ್ಲಿ ಸಸಿಮಡಿ ಹಾಕುವ ಮೊದಲು ಆ ಜಾಗದಲ್ಲಿ ಸೊಪ್ಪು, ಸೆಗಣಿ, ಕೊಂಬೆ ಹರಡಿ ಸುಡುವ ಪದ್ಧತಿ ಇದೆ. ರಾಬ್ ಎನ್ನುತ್ತಾರೆ. ಅದರಿಂದ ಕಳೆಯ ಬೀಜ ಸಾಯುತ್ತದೆ, ಸಸಿ ಗಟ್ಟಿಯಾಗಿ ಬರುತ್ತದೆ. ಹಿರಿಯರು ಸುಮ್ಮನೆ ಮಾಡಿದ್ದಲ್ಲ. ಆದರೆ ಅದಕ್ಕಾಗಿ ಗುಡ್ಡದ ಮತ್ತಿ ಮರಗಳ ಕೊಂಬೆಗಳನ್ನು ವರ್ಷವೂ ಬೋಳಿಸಬೇಕಾಗುತ್ತದೆ. ಏರು ಮಡಿ ಮಾಡಿ, ಕೊಳೆತ ಗೊಬ್ಬರ, ಭತ್ತದ ಹೊಟ್ಟಿನ ಬೂದಿ ಬೆರೆಸಿ ಸಸಿ ಬೆಳೆಸಿದರೂ ಚೆನ್ನಾಗಿ ಬರುತ್ತದೆ. ಕೆಲವೇ ಗುಂಟೆ ಗದ್ದೆ ಇದ್ದವರಿಗೆ ಇದೇ ಸುಲಭ.

ಕರ್ಜತ್ ತಾಲ್ಲೂಕಿನ ನೇರಳ್‌ನಲ್ಲಿ ಚಂದ್ರಶೇಖರ ಭಡಸಾವಳೆಯವರು ರೂಪಿಸಿದ ಸಗುಣಾ ಭತ್ತ ಪದ್ಧತಿಯನ್ನೂ ಒಮ್ಮೆ ನೋಡಿ ಬನ್ನಿ. ಅದರಲ್ಲಿ ಕೆಸರು ಮಾಡುವುದಿಲ್ಲ, ನಾಟಿ ಇಲ್ಲ. ಕಾಯಂ ಏರು ಮಡಿಯಲ್ಲಿ ನೇರವಾಗಿ ಬೀಜ ಊರುತ್ತಾರೆ. ಕಟಾವಾದ ಮೇಲೆ ಬೇರನ್ನು ಮಣ್ಣಿನಲ್ಲೇ ಬಿಡುತ್ತಾರೆ. ಉಳುಮೆ ಇಲ್ಲದ್ದರಿಂದ ಎರೆಹುಳು ಜಾಸ್ತಿಯಾಗುತ್ತದೆ, ಮಣ್ಣು ಕೊಚ್ಚಿ ಹೋಗುವುದು ಕಡಿಮೆಯಾಗುತ್ತದೆ. ಆದರೆ ಈ ಪದ್ಧತಿಯಲ್ಲಿ ಕಳೆನಾಶಕ ಬಳಸುವವರೇ ಹೆಚ್ಚು. ಅದನ್ನು ಎಷ್ಟು ಕಡಿಮೆ ಮಾಡಬಹುದು ಎಂದು ಅಲ್ಲೇ ಕೇಳಿ. ಗದ್ದೆಯ ಕಪ್ಪೆ, ಏಡಿಗಳು ಉಳಿಯಲು ಅದು ಕಡಿಮೆಯಾಗುವುದು ಮುಖ್ಯ.

ಹೆಜ್ಜೆ 4: ಕಬ್ಬು ಇದ್ದರೆ ಚಿರತೆಯೂ ಇದೆ ಎಂದೇ ತಿಳಿದು ಕೆಲಸ ಮಾಡಿ

ಈ ಭಾಗವನ್ನು ಉದ್ದವಾಗಿ ಬರೆಯುತ್ತೇನೆ. ಇದರಲ್ಲಿ ಮನುಷ್ಯರ ಜೀವದ ಪ್ರಶ್ನೆ ಇದೆ.

ಜುನ್ನರ್ ಕಡೆ ಮೊದಲು ಇಷ್ಟು ಕಬ್ಬು ಇರಲಿಲ್ಲ. ಕುಕಡಿ ಯೋಜನೆಯ ಐದು ಅಣೆಕಟ್ಟು ಬಂದವು: ಯೇಡಗಾವ್, ಮಾಣಿಕ್‌ಡೋಹ್, ಡಿಂಭೆ, ವಡಜ್, ಪಿಂಪಳಗಾವ್ ಜೋಗೆ. ಕಾಲುವೆ ನೀರು ಬಂತು, ಒಣ ಬೆಳೆ ಹೋಗಿ ಕಬ್ಬು ಬಂತು. ಕಬ್ಬು ವರ್ಷವಿಡೀ ನಿಲ್ಲುವ ಬೆಳೆ. ಜುಲೈ-ಆಗಸ್ಟ್‌ನಲ್ಲಿ ಹಚ್ಚಿದ ಅಡಸಾಲಿ ಕಬ್ಬು ಹದಿನಾರು, ಹದಿನೆಂಟು ತಿಂಗಳು ಹೊಲದಲ್ಲಿರುತ್ತದೆ. ಒಳಗೆ ತಂಪು, ಪಕ್ಕದಲ್ಲಿ ನೀರು, ಸುತ್ತ ನಾಯಿ, ಹಂದಿ, ಆಡು. ಚಿರತೆಗೆ ಇನ್ನೇನು ಬೇಕು? ಕಬ್ಬಿನಲ್ಲೇ ಹುಟ್ಟಿ, ಕಬ್ಬಿನಲ್ಲೇ ಬೆಳೆದು, ಕಬ್ಬಿನಲ್ಲೇ ಮರಿ ಹಾಕುವ ಚಿರತೆಗಳು ಇಲ್ಲಿವೆ. ಅವು ಕಾಡಿನಿಂದ ದಾರಿ ತಪ್ಪಿ ಬಂದವಲ್ಲ.

ನೆರೆಯ ಅಕೋಲೆ ತಾಲ್ಲೂಕಿನಲ್ಲಿ ವನ್ಯಜೀವಿ ಸಂಶೋಧಕಿ ವಿದ್ಯಾ ಅತ್ರೇಯಾ ಮತ್ತು ಅವರ ಜೊತೆಗಾರರು ಕ್ಯಾಮೆರಾ ಇಟ್ಟು ಅಧ್ಯಯನ ಮಾಡಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಜನ ತುಂಬಿದ ಆ ಬೇಸಾಯದ ಬಯಲಿನಲ್ಲಿ 100 ಚದರ ಕಿಲೋಮೀಟರಿಗೆ ಸುಮಾರು 5 ಚಿರತೆ, ಅಷ್ಟೇ ಕತ್ತೆಕಿರುಬ ಇದ್ದವು. ಹಾಗಾದರೆ ಹಿಡಿದು ದೂರದ ಕಾಡಿಗೆ ಬಿಡಬಾರದೇ? 2000ದ ದಶಕದ ಆರಂಭದಲ್ಲಿ ಜುನ್ನರ್‌ನಲ್ಲಿ ಅದನ್ನೇ ಮಾಡಿದರು. ದಾಳಿ ಕಡಿಮೆಯಾಗಲಿಲ್ಲ, ಹೆಚ್ಚಾಯಿತು ಎಂದು ಇದೇ ಸಂಶೋಧಕರ ಇನ್ನೊಂದು ಅಧ್ಯಯನ ತೋರಿಸಿತು. ಬಿಟ್ಟ ಪ್ರಾಣಿ ಗೊತ್ತಿಲ್ಲದ ಜಾಗದಲ್ಲಿ ಗಾಬರಿಯಿಂದ ಅಲೆಯುತ್ತದೆ. ಖಾಲಿಯಾದ ಜಾಗಕ್ಕೆ ಬೇರೆ ಚಿರತೆ ಬಂದು ಸೇರುತ್ತದೆ.

ಜುನ್ನರ್, ಶಿರೂರು ಕಡೆ ಮಕ್ಕಳನ್ನು ಕಳೆದುಕೊಂಡ ಮನೆಗಳಿವೆ. ಅವರ ಸಿಟ್ಟು ಸುಳ್ಳಲ್ಲ. ಚಿರತೆ ಉಳಿಯಬೇಕು ಎನ್ನುವವರು ಮೊದಲು ಆ ಮಕ್ಕಳ ಸುರಕ್ಷತೆಗೆ ದುಡಿಯಬೇಕು. ಹೊಲದ ಮಾಲೀಕರ ಕೈಯಲ್ಲಿ ಮಾಡಲು ಬಹಳಷ್ಟಿದೆ.

ಮನೆ, ದನದ ಕೊಟ್ಟಿಗೆ, ಕೆಲಸದವರ ಗುಡಿಸಲು, ಶಾಲೆಗೆ ಹೋಗುವ ಹಾದಿ ಇವುಗಳಿಗೆ ತಾಗಿ ಕಬ್ಬು ಹಚ್ಚಬೇಡಿ. ಮೂವತ್ತು ನಲವತ್ತು ಅಡಿ ಬಿಟ್ಟು ಅಲ್ಲಿ ಮೊಣಕಾಲೆತ್ತರದ ಬೆಳೆ ಹಾಕಿ. ಈರುಳ್ಳಿ, ಶೇಂಗಾ, ಮೆಂತ್ಯ ಏನಾದರೂ ಸರಿ. ಚಿರತೆ ಮರೆಯಿಂದ ಬರುವ ಪ್ರಾಣಿ, ಬಯಲು ದಾಟಿ ಬರಲು ಹಿಂಜರಿಯುತ್ತದೆ. ಕುಳಿತವರು, ಬಗ್ಗಿ ಕೆಲಸ ಮಾಡುವವರು, ಚಿಕ್ಕ ಮಕ್ಕಳು ಅದಕ್ಕೆ ಸಣ್ಣ ಪ್ರಾಣಿಯಂತೆ ಕಾಣುತ್ತಾರೆ. ಸಂಜೆಯ ಮೇಲೆ ಹೊಲಕ್ಕೆ ಹೋಗುವುದಾದರೆ ಇಬ್ಬರು ಹೋಗಿ, ಮಾತಾಡುತ್ತಾ ಹೋಗಿ, ಕೈಯಲ್ಲಿ ಬ್ಯಾಟರಿ ಇರಲಿ. ಬಯಲಿಗೆ ಕೂರುವುದು ತಪ್ಪಬೇಕು. ಕೆಲಸದವರಿಗೆ ಶೌಚಾಲಯ ಕಟ್ಟಿಸಿಕೊಡಿ.

ಆಡು, ಕುರಿ, ಕರು ಇರುವ ಕೊಟ್ಟಿಗೆಗೆ ನಾಲ್ಕೂ ಕಡೆ ಗಟ್ಟಿ ಜಾಲರಿ ಇರಬೇಕು, ಮೇಲೂ ಇರಬೇಕು. ಮೇಲೆ ಬಿಟ್ಟರೆ ಪ್ರಯೋಜನವಿಲ್ಲ, ಚಿರತೆ ಹತ್ತಿ ಇಳಿಯುತ್ತದೆ. ಕೋಳಿ ಸಾಕುವವರು ಸತ್ತ ಕೋಳಿಯನ್ನು ಹಳ್ಳಕ್ಕೆ ಎಸೆಯಬಾರದು. ಅದಕ್ಕೆ ನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆ ಬರುತ್ತದೆ. ಸುಣ್ಣ ಹಾಕಿ ಆಳಕ್ಕೆ ಹೂಳಿ.

ಇನ್ನು ಕಟಾವು. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಬ್ಬು ಕಡಿಯುವ ಕಾಲ. ಕಡಿಯುವ ತಂಡಗಳಲ್ಲಿ ಬೀಡ್ ಕಡೆಯವರ ಜೊತೆ ನಮ್ಮ ವಿಜಯಪುರ, ಕಲಬುರಗಿ ಕಡೆಯವರೂ ಇರುತ್ತಾರೆ. ಅವರೊಂದಿಗೆ ಕನ್ನಡದಲ್ಲೇ ಕುಳಿತು ಮಾತಾಡಿ. ಅವರ ಮಕ್ಕಳು ಕಬ್ಬಿನ ಅಂಚಿನಲ್ಲಿ ಗೋಣಿಚೀಲದ ಮೇಲೆ ಮಲಗಿರುತ್ತವೆ, ಇದಕ್ಕಿಂತ ಅಪಾಯದ ಜಾಗ ಇಲ್ಲ. ಹಗಲು ಮಕ್ಕಳು ಇರಲು ಒಂದು ಕೋಣೆ ಕೊಡಿ, ನೋಡಿಕೊಳ್ಳುವ ಒಬ್ಬ ಹೆಂಗಸಿಗೆ ಕೂಲಿ ಕೊಡಿ.

ಕಡಿಯುವುದನ್ನು ಮನೆ ಅಥವಾ ರಸ್ತೆ ಇರುವ ಕಡೆಯಿಂದ ಶುರು ಮಾಡಿ, ಒಂದೇ ದಿಕ್ಕಿಗೆ ಸಾಗಿ. ನಾಲ್ಕೂ ಕಡೆಯಿಂದ ಮುತ್ತಿ ನಡುವೆ ಒಂದು ತುಂಡು ಉಳಿಸಿದರೆ ಒಳಗಿದ್ದ ಪ್ರಾಣಿಗೆ ಹೋಗಲು ದಾರಿ ಇರುವುದಿಲ್ಲ, ಅದು ಜನರ ಮೇಲೇ ಬರುತ್ತದೆ. ಬೆಳಿಗ್ಗೆ ಒಳಗೆ ಹೋಗುವ ಮೊದಲು ಜೋರಾಗಿ ಸದ್ದು ಮಾಡಿ, ಸ್ವಲ್ಪ ಹೊತ್ತು ಬಿಡಿ.

ಮರಿ ಕಂಡರೆ? ಕೆಲಸ ನಿಲ್ಲಿಸಿ, ಬಂದ ದಾರಿಯಲ್ಲೇ ಎಲ್ಲರೂ ಹೊರಗೆ ಬನ್ನಿ. ಎತ್ತಿಕೊಳ್ಳಬೇಡಿ, ಹಾಲು ಕುಡಿಸಬೇಡಿ, ಫೋಟೋಕ್ಕೆ ನಿಲ್ಲಬೇಡಿ. ತಾಯಿ ಹತ್ತಿರದಲ್ಲೇ ಇರುತ್ತದೆ. ಮಹಾರಾಷ್ಟ್ರ ಅರಣ್ಯ ಇಲಾಖೆಯ ಉಚಿತ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಇಲಾಖೆಯವರು, ಜುನ್ನರ್ ಭಾಗದಲ್ಲಾದರೆ ಮಾಣಿಕ್‌ಡೋಹ್ ಚಿರತೆ ರಕ್ಷಣಾ ಕೇಂದ್ರದ ವೈದ್ಯರು, ಬಂದು ಮರಿ ಪರೀಕ್ಷಿಸುತ್ತಾರೆ. ಸಂಜೆ ಅದೇ ಜಾಗದಲ್ಲಿ ಪೆಟ್ಟಿಗೆಯಲ್ಲಿಟ್ಟು ಕ್ಯಾಮೆರಾ ಹಚ್ಚುತ್ತಾರೆ. ಹೆಚ್ಚಿನ ಸಲ ತಾಯಿ ರಾತ್ರಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ. ಒಂದೆರಡು ದಿನ ಕಟಾವು ತಡವಾಗುತ್ತದೆ. ಮರಿ ಸಿಗದ ತಾಯಿ ಊರ ಸುತ್ತ ಅಲೆಯುವುದಕ್ಕಿಂತ ಅದು ವಾಸಿ.

ಕಟಾವಾದ ಮೇಲೆ ರವದಿ, ಅಂದರೆ ಕಬ್ಬಿನ ಒಣ ಎಲೆ, ಸುಡಬೇಡಿ. ಒಂದು ಹೆಕ್ಟೇರಿಗೆ 8ರಿಂದ 10 ಟನ್ ರವದಿ ಬೀಳುತ್ತದೆ. ಸುಟ್ಟರೆ ಮೇಲ್ಮಣ್ಣಿನ ಎರೆಹುಳು, ಹಾವಿನ ಮೊಟ್ಟೆ, ಒಳ್ಳೆಯ ಸೂಕ್ಷ್ಮಜೀವಿ ಎಲ್ಲ ಹೋಗುತ್ತವೆ. ಮಹಾರಾಷ್ಟ್ರದಲ್ಲಿ ರೈತರಿಗೆ ಹೇಳುವ ಲೆಕ್ಕ ಇದು: ರವದಿಯನ್ನು ಸಾಲಿನಲ್ಲಿ ಹರಡಿ, ಒಂದು ಟನ್‌ಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್, 1 ಕಿಲೋ ಕೊಳೆಸುವ ಜೀವಾಣು ಪುಡಿ ಹಾಕಿ ನೀರು ಬಿಡುವುದು. ಪುಣೆಯ ಮಾಂಜರಿಯಲ್ಲಿರುವ ವಸಂತದಾದಾ ಸಕ್ಕರೆ ಸಂಸ್ಥೆಯಲ್ಲಿ ಕಬ್ಬಿನ ಬಗ್ಗೆ ಇಂತಹ ಸಲಹೆ ಕೇಳಬಹುದು. ಕೂಳೆ ಬೆಳೆಗೆ ಕಳೆಯ ಕಾಟ ಕಡಿಮೆಯಾಗುತ್ತದೆ, ನೀರೂ ಉಳಿಯುತ್ತದೆ.

ಹೆಜ್ಜೆ 5: ಬಾವಿ ಮತ್ತು ಕೃಷಿ ಹೊಂಡ

ಕಟ್ಟೆ ಇಲ್ಲದ ತೆರೆದ ಬಾವಿ ಚಿರತೆಗೂ ಕತ್ತೆಕಿರುಬಕ್ಕೂ ದೊಡ್ಡ ಶತ್ರು. ಕತ್ತಲಲ್ಲಿ ನಾಯಿಯನ್ನು ಅಟ್ಟಿಸಿಕೊಂಡು ಬಂದು ಬೀಳುತ್ತವೆ. ಜುನ್ನರ್ ಭಾಗದಲ್ಲಿ ಇದು ಮತ್ತೆ ಮತ್ತೆ ನಡೆಯುತ್ತದೆ. ಬಾವಿಗೆ ನಾಲ್ಕಡಿ ಕಟ್ಟೆ ಕಟ್ಟಿಸಿ, ಮೇಲೆ ಕಬ್ಬಿಣದ ಜಾಲರಿ ಹಾಕಿಸಿ. ಈಗಲೇ ದುಡ್ಡಿಲ್ಲ ಎಂದರೆ ಸುತ್ತ ಜಾಲಿ ಮುಳ್ಳಿನ ಬೇಲಿಯಾದರೂ ಇರಲಿ. ಪ್ರಾಣಿ ಬಿದ್ದಿದ್ದು ಕಂಡರೆ ಹಗ್ಗ ಕಟ್ಟಿದ ಹೊರಸು ಅಥವಾ ದಪ್ಪ ಮರದ ತುಂಡು ನೀರಿಗೆ ಇಳಿಬಿಡಿ, ಅದರ ಮೇಲೆ ನಿಂತು ಉಸಿರಾಡುತ್ತದೆ. ಆಮೇಲೆ 1926. ಜನರನ್ನು ದೂರ ಇಡುವುದು ನಿಮ್ಮ ಕೆಲಸ, ಎತ್ತುವುದು ಇಲಾಖೆಯ ಕೆಲಸ.

ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದ ಬಗ್ಗೆ ಮಾತಾಡುವವರು ಕಡಿಮೆ. ಇಲ್ಲಿ ಅದಕ್ಕೆ ಶೇತ್‌ತಳೆ ಎನ್ನುತ್ತಾರೆ. ಇಳಿಜಾರು ಪ್ಲಾಸ್ಟಿಕ್ ಜಾರುತ್ತದೆ. ಬೇಸಿಗೆಯಲ್ಲಿ ನೀರಿಗೆ ಇಳಿದ ಚಿಂಕಾರ, ನರಿ, ನಾಯಿ ಯಾವುದೂ ಮೇಲೆ ಬರಲಾರದೆ ಮುಳುಗುತ್ತವೆ. ಮಕ್ಕಳೂ ಹೀಗೆ ಸತ್ತಿದ್ದಾರೆ. ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ. ನಾಲ್ಕೂ ಬದಿಗೆ ಒಂದೊಂದು ಕಡೆ ತೆಂಗಿನ ನಾರಿನ ಬಲೆ ಅಥವಾ ಹಗ್ಗದಲ್ಲಿ ಪೋಣಿಸಿದ ಹಳೆ ಟೈರುಗಳನ್ನು ದಂಡೆಯಿಂದ ತಳದವರೆಗೆ ಇಳಿಬಿಡಿ. ಮೇಲ್ತುದಿಯನ್ನು ಗೂಟಕ್ಕೆ ಭದ್ರ ಮಾಡಿ. ಹೊಂಡದ ಸುತ್ತ ಬೇಲಿ ಹಾಕಿ. ಬೇಲಿಯ ಹೊರಗೆ, ಆಳವಿಲ್ಲದ ಮಣ್ಣಿನ ತೊಟ್ಟಿಯೊಂದಕ್ಕೆ ಪೈಪಿನಿಂದ ಸ್ವಲ್ಪ ನೀರು ಬಿಡಿ. ಕುಡಿಯಲು ಬಂದವು ಅಲ್ಲೇ ಕುಡಿದು ಹೋಗುತ್ತವೆ. ಆದರೆ ಈ ತೊಟ್ಟಿ ಮನೆಯ ಹತ್ತಿರ ಬೇಡ.

ಹೆಜ್ಜೆ 6: ಬೇಲಿ

ಮೇನ್ ಲೈನಿನಿಂದ ನೇರ ಕರೆಂಟ್ ಕೊಟ್ಟು ಹಂದಿ ತಡೆಯುವುದು ಅಪರಾಧ. ಅದರಲ್ಲಿ ಚಿರತೆ ಸಾಯುತ್ತದೆ, ಪಕ್ಕದ ಹೊಲದ ಮನುಷ್ಯರೂ ಸಾಯುತ್ತಾರೆ. ಸೋಲಾರ್ ಬೇಲಿ ಬೇರೆ. ಅದರ ಯಂತ್ರ ಬಿಟ್ಟುಬಿಟ್ಟು ಚಿಕ್ಕ ಹೊಡೆತ ಕೊಡುತ್ತದೆ, ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ. ಬೇಕೇ ಬೇಕು ಎಂದರೆ ಅದನ್ನು ತರಕಾರಿ ಮಡಿಗಷ್ಟೇ ಹಾಕಿ, ಇಡೀ ಸರ್ವೆ ನಂಬರಿಗೆ ಬೇಡ.

ಇಡೀ ಹೊಲಕ್ಕೆ ಜೀವಂತ ಬೇಲಿ ಒಳ್ಳೆಯದು. ಕವಳಿ, ಗಜ್ಜುಗ, ಲಕ್ಕಿ, ಬಾರಿ, ಕಳ್ಳಿ ಬೆರೆಸಿ ಎರಡು ಸಾಲು ಹಚ್ಚಿ. ಕವಳಿ ಹಣ್ಣಿಗೆ ಮೇ ತಿಂಗಳಲ್ಲಿ ಹಕ್ಕಿಗಳೂ ಬರುತ್ತವೆ, ಮಕ್ಕಳೂ ಬರುತ್ತಾರೆ. ಗ್ಲಿರಿಸಿಡಿಯಾ, ಸುಬಾಬುಲ್ ಬೇಗ ಬೆಳೆಯುತ್ತವೆ ಎಂದು ಎಲ್ಲರೂ ಅದನ್ನೇ ಹಚ್ಚುತ್ತಾರೆ. ಪುಣೆಯ ವೇತಾಳ ಟೇಕಡಿ ಗುಡ್ಡಕ್ಕೆ ಹೋಗಿ ನೋಡಿ. ಗ್ಲಿರಿಸಿಡಿಯಾ ಒತ್ತಾದ ಕಡೆ ಕೆಳಗೆ ಬೇರೆ ಗಿಡ ಬೆಳೆಯುವುದು ಎಷ್ಟು ಕಡಿಮೆ ಎಂದು ಗೊತ್ತಾಗುತ್ತದೆ. ಬೇಲಿ ನಡುವೆ ಅಲ್ಲಲ್ಲಿ ಮುತ್ತುಗ, ಹಾಲವಾಣ, ಅತ್ತಿ ಬೆಳೆಯಲು ಬಿಡಿ.

ಹೆಜ್ಜೆ 7: ವಿಷ

ಇಲಿ ಪಾಷಾಣದಲ್ಲಿ ಬ್ರೋಮಾಡಿಯೊಲೋನ್‌ನಂತಹವು ಇಲಿಯ ದೇಹದಲ್ಲೇ ಉಳಿಯುತ್ತವೆ. ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಮಂಕಾಗಿ ಓಡಾಡುತ್ತದೆ. ಅದನ್ನು ಕಣಜ ಗೂಬೆ, ಕೇರೆ ಹಾವು, ನರಿ ಹಿಡಿದು ತಿನ್ನುತ್ತವೆ. ಇಲಿ ತಿನ್ನುವವರನ್ನೇ ಕೊಂದರೆ ಮುಂದಿನ ವರ್ಷ ಇಲಿ ಇನ್ನೂ ಹೆಚ್ಚುತ್ತದೆ. ಗೂಬೆಗೆ ಹಳೆಯ ಮರದ ಪೊಟರೆ ಉಳಿಸಿ, ಇಲ್ಲವೇ ಮರದ ಪೆಟ್ಟಿಗೆ ಕಟ್ಟಿ.

ಹುಳ ತಿನ್ನುವ ಕಾಜಾಣ, ನೀಲಕಂಠ, ಮೈನಾ ಕೂರಲು ಎಕರೆಗೆ ಎಂಟು ಹತ್ತು ಟಿ ಆಕಾರದ ಕೋಲು ನೆಡಿ. ಜೋಳ ಕಾಳು ಕಟ್ಟುವ ಹೊತ್ತಿಗೆ ಅವನ್ನು ತೆಗೆದುಬಿಡಿ. ಮೊದಲ ಔಷಧಿಯಾಗಿ ಶೇಕಡ 5ರ ಬೇವಿನ ಬೀಜದ ಕಷಾಯ ಹೊಡೆಯಿರಿ, 100 ಲೀಟರ್ ನೀರಿಗೆ 5 ಕಿಲೋ ಬೀಜದ ತಿರುಳು. ಯಾವುದೇ ಔಷಧಿಯನ್ನು ಹೂ ಬಿಟ್ಟಾಗ, ಬೆಳಗಿನ ಹೊತ್ತು ಹೊಡೆಯಬೇಡಿ, ಜೇನು ಆಗಲೇ ಬರುವುದು. ಔಷಧಿ ಸವರಿದ ಬಿತ್ತನೆ ಬೀಜ ಮಣ್ಣಿನ ಮೇಲೆ ಚೆಲ್ಲಿದರೆ ಮುಚ್ಚಿಬಿಡಿ. ನವಿಲು ಹೆಕ್ಕಿ ತಿಂದು ಸಾಯುತ್ತದೆ.

ದನ ಸಾಕಿದವರು ಪಶುವೈದ್ಯರಿಗೆ ಒಂದು ಮಾತು ಹೇಳಿ: ನೋವಿನ ಔಷಧಿ ಬೇಕಾದರೆ ಮೆಲಾಕ್ಸಿಕಾಮ್ ಕೊಡಿ. ಡೈಕ್ಲೊಫೆನಾಕ್ ಚುಚ್ಚಿದ ದನ ಸತ್ತು ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾಯುತ್ತವೆ. ದೇಶದ ರಣಹದ್ದುಗಳು ಬಹುಪಾಲು ಅಳಿದದ್ದು ಹೀಗೆ. ದನಗಳಿಗೆ ಆ ಔಷಧಿ ಕೊಡುವುದನ್ನು 2006ರಲ್ಲೇ ನಿಷೇಧಿಸಿದರು. 2023ರಲ್ಲಿ ಅಸಿಕ್ಲೊಫೆನಾಕ್, ಕೀಟೊಪ್ರೊಫೆನ್ ಕೂಡ ನಿಷೇಧವಾದವು.

ಹೆಜ್ಜೆ 8: ಒಣ ಸೀಮೆಯವರು ಜೋಳ ಬಿಡಬೇಡಿ

ಸೊಲ್ಲಾಪುರದ ನಾನ್ನಜ್‌ನಲ್ಲಿ 1979ರಲ್ಲಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಾಗಿ ಅಭಯಾರಣ್ಯ ಮಾಡಿದರು. ಇಂದು ಅಲ್ಲಿ ಆ ಹಕ್ಕಿ ಕಾಣುವುದೇ ಅಪರೂಪ. ಅದು ಹುಲ್ಲಿನ ಮಾಳ ಮತ್ತು ಒಣ ಬೇಸಾಯದ ಹೊಲ ಎರಡನ್ನೂ ನಂಬಿದ ಹಕ್ಕಿ. ನೀರಾವರಿ ಬಂದಂತೆ ಜೋಳದ ಜಾಗಕ್ಕೆ ಕಬ್ಬು, ದ್ರಾಕ್ಷಿ ಬಂತು, ಕರೆಂಟಿನ ತಂತಿ ಬಂತು. ಎರೆಭೂತ ನೆಲೆ ಕಳೆದುಕೊಂಡಿತು.

ಪುರಂದರ, ಬಾರಾಮತಿ ಕಡೆ ಚಿಂಕಾರದ ಸ್ಥಿತಿ ಹಾಗಾಗಬಾರದು. ಸುಪೆಯ ಮಯೂರೇಶ್ವರ ಅಭಯಾರಣ್ಯ ಸುಮಾರು 5 ಚದರ ಕಿಲೋಮೀಟರ್ ಅಷ್ಟೇ. ಬಾಗಲಕೋಟೆ ಕಡೆಯವರಿಗೆ ಯಡಹಳ್ಳಿ ಚಿಂಕಾರ ಧಾಮ ಗೊತ್ತಿರುತ್ತದೆ, ಅದೇ ಪ್ರಾಣಿ. ಮಯೂರೇಶ್ವರದಷ್ಟು ಚಿಕ್ಕ ಜಾಗವೊಂದರಲ್ಲೇ ಅವು ಬದುಕಲಾರವು. ಸುತ್ತಲಿನ ಹೊಲಗಳಿಗೂ ಬರುತ್ತವೆ. ಹಿಂಗಾರಿ ಜೋಳ, ಕಡಲೆ, ಕುಸುಬೆ ಬೆಳೆದ ಹೊಲ ಅವಕ್ಕೆ ಬಾಗಿಲು ತೆರೆದ ಹಾಗೆ ಇರುತ್ತದೆ. ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಬರುವ ಹ್ಯಾರಿಯರ್ ಗಿಡುಗಗಳು ಈ ಬಯಲಿನಲ್ಲೇ ಮಿಡತೆ ಹಿಡಿಯುತ್ತವೆ. ಜೋಳದ ರೊಟ್ಟಿ ತಿನ್ನುವ ನಮಗೆ ಈ ಬೆಳೆ ಹೊಸದೇನಲ್ಲ ಅಲ್ವಾ? ಪುಣೆಯಲ್ಲಿರುವ ನಮ್ಮ ಕಡೆಯ ಮನೆಗಳಿಗೆ ನೇರವಾಗಿ ಮಾರಬಹುದು.

ಸುಗ್ಗಿ ಮುಗಿದ ಮೇಲೆ ಧನಗರರಿಂದ ಹೊಲದಲ್ಲಿ ಕುರಿ ತರುಬಿಸಿ. ನಿಮಗೆ ಗೊಬ್ಬರ, ಅವರಿಗೆ ಮೇವು. ಈ ಸೀಮೆಯ ತೋಳಗಳು ಕುರಿ ಹಿಂಡಿನ ಹಿಂದೆಯೇ ಬದುಕುತ್ತವೆ. ಕುರಿ ಹೋದರೆ ಧನಗರರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಸಿಗುತ್ತದೆ, ಆದರೆ ತಡಮಾಡದೆ ತಿಳಿಸಿ ಪಂಚನಾಮೆ ಮಾಡಿಸಬೇಕು. ಅರ್ಜಿ ಬರೆಯಲು ನೀವು ಕೈ ಜೋಡಿಸಿ. ಪರಿಹಾರ ಸಿಕ್ಕ ಕುರುಬ ವಿಷ ಇಡಲು ಹೋಗುವುದಿಲ್ಲ.

ಹೆಜ್ಜೆ 9: ರಾತ್ರಿ ಮತ್ತು ಊರು

ಮುಳಶಿ, ರಾಜಮಾಚಿ ಕಡೆ ಮೇ ಕೊನೆಯಿಂದ ಜೂನ್‌ವರೆಗೆ ಮಿಂಚುಹುಳುಗಳ ಕಾಲ. ಗಂಡು ಹೆಣ್ಣು ಒಂದನ್ನೊಂದು ಹುಡುಕುವುದು ಬೆಳಕಿನಿಂದ. ತೋಟದ ಮನೆಯ ಫ್ಲಡ್‌ಲೈಟ್ ಆ ವಾರಗಳಲ್ಲಿ ಆರಿಸಿ. ಹಾದಿಗೆ ಬೇಕಾದರೆ ಕೆಳಮುಖದ ಹಳದಿ ದೀಪ ಸಾಕು. ಕಬ್ಬಿನ ಸೀಮೆಯಲ್ಲಿ ಅಂಗಳದ ದೀಪ ಬೇಕೇ ಬೇಕು, ಅದನ್ನು ಆರಿಸಲು ಹೇಳುತ್ತಿಲ್ಲ.

ನಿಮ್ಮ ಹೊಲ ಒಂದನ್ನೇ ಸರಿ ಮಾಡಿದರೆ ಸಾಲದು, ಗ್ರಾಮಸಭೆಗೆ ಹೋಗಿ. ಮರಾಠಿ ಅಲ್ಪಸ್ವಲ್ಪ ಬಂದರೂ ಸಾಕು, ಹೊರಗಿನವರು ಎಂದು ಹಿಂಜರಿಯಬೇಡಿ. ಅಲ್ಲಿ ಮೊದಲು ಕೇಳಬೇಕಾದ್ದು ಹಗಲು ಕರೆಂಟ್. ರಾತ್ರಿ ಪಾಳಿಯಲ್ಲಿ ಕರೆಂಟ್ ಬಂದರೆ ರೈತ ಕತ್ತಲಲ್ಲಿ ಕಬ್ಬಿಗೆ ನೀರು ಬಿಡಲು ಹೋಗಲೇಬೇಕು, ಚಿರತೆ ಎದುರಾಗುವುದು ಆಗಲೇ. ಮಹಾರಾಷ್ಟ್ರದಲ್ಲಿ 2017ರಿಂದ ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆ ಇದೆ. ಪಂಪ್‌ಸೆಟ್‌ಗಳಿಗೆ ಹಗಲು ಹೊತ್ತು ಸೌರ ವಿದ್ಯುತ್ ಕೊಡುವುದೇ ಅದರ ಗುರಿ. ನಿಮ್ಮ ಫೀಡರ್ ಅದರಲ್ಲಿ ಸೇರಿದೆಯೇ ಎಂದು ಕೇಳಿ, ಇಲ್ಲದಿದ್ದರೆ ಠರಾವು ಮಾಡಿಸಿ ಕಳುಹಿಸಿ. ಅದೇ ಅರ್ಜಿಯಲ್ಲಿ ಊರಿನ ಕಟ್ಟೆ ಇಲ್ಲದ ಬಾವಿಗಳ ಪಟ್ಟಿಯನ್ನೂ ಸರ್ವೆ ನಂಬರ್ ಸಮೇತ ಸೇರಿಸಿ. ಬೇಸಿಗೆ ಶುರುವಾಗುವ ಮೊದಲೇ ಕೊಟ್ಟರೆ ಮಳೆಗಾಲದೊಳಗೆ ಕೆಲವಕ್ಕಾದರೂ ಜಾಲರಿ ಬೀಳುತ್ತದೆ.